ಝೂಲಿನ ಕೆಳಗೆ ಕೈ ಹಾಕಿ

ಕಲ್ಯಾಣ ನಗರ, ಬಾಣಸವಾಡಿ, ಕಮ್ಮನಹಳ್ಳಿ, ಶಿವಾಜಿನಗರ, ಹಲಸೂರು, ಕೆ.ಆರ್. ಪುರದ ಕಡೆ ಮದುವೆ ಮೆರವಣಿಗೆಗೆ ಕುದುರೆ, ಸಾರೋಟು ಕೊಡುವ ಅಣ್ಣಂದಿರಿಗೆ, ಭಾಯಿಗಳಿಗೆ, ಲಾಯದಲ್ಲಿ ದುಡಿಯುವ ಹುಡುಗರಿಗೆ,



ಲಗ್ನದ ಕಾಲ ಬಂತೆಂದರೆ ನಮ್ಮ ಹೊರ ವರ್ತುಲ ರಸ್ತೆಯ ಅಕ್ಕಪಕ್ಕದ ಛತ್ರಗಳ ಮುಂದೆ ನಿಮ್ಮ ಕುದುರೆ ನಿಂತಿರುತ್ತದೆ. ಮೈ ಮೇಲೆ ಹೊದಿಸಿದ ಕೆಂಪು ಮಕಮಲ್ಲಿನ ಝೂಲು, ಜರಿ, ಕನ್ನಡಿ, ನೆತ್ತಿ ಮೇಲೆ ತುರಾಯಿ. ಮಕ್ಕಳು ಫೋಟೋ ತೆಗೆಸಿಕೊಳ್ಳುತ್ತಾರೆ, ಹೆಂಗಸರು ದೂರದಿಂದ ಕೈ ಮುಗಿಯುವುದೂ ಉಂಟು. ನಾನು ಮಾತ್ರ ಹತ್ತಿರ ಬಂದು ಭುಜದ ಬಳಿ ಝೂಲಿನ ಅಂಚು ಎತ್ತಿ ನೋಡುವ ಮುದುಕ. ನಿಮ್ಮಲ್ಲಿ ಕೆಲವರು ಗದರಿಸಿದ್ದೀರಿ, ಕೆಲವರು ಚಹಾ ಕುಡಿಸಿದ್ದೀರಿ. ಪಶುವೈದ್ಯನಾಗಿ ದುಡಿದು ನಿವೃತ್ತನಾದವನು, ಹಳೆಯ ಚಟ ಬಿಡುವುದಿಲ್ಲ. ಒಬ್ಬೊಬ್ಬರ ಹತ್ತಿರ ರಸ್ತೆಯಲ್ಲಿ ನಿಂತು, ಬ್ಯಾಂಡ್‌ಸೆಟ್ಟಿನ ಗದ್ದಲದ ನಡುವೆ ಕೂಗಿ ಹೇಳುವ ಬದಲು ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ.

ಝೂಲು ಎತ್ತಿದರೆ ಕಾಣುವುದು ಏನು ಎಂಬುದು ನಿಮಗೆ ಗೊತ್ತು. ಮುಂಗಾಲಿನ ಮೇಲೆ, ಭುಜದ ಮುಂಚಾಚಿನಲ್ಲಿ, ಎಡಕ್ಕೊಂದು ಬಲಕ್ಕೊಂದು ಅಂಗೈ ಅಗಲದ ಬೋಳು. ಬೂದು ಬಣ್ಣದಿಂದ ಬೆಳ್ಳಗಾದ ಕುದುರೆಯಾದರೆ ಒಳಚರ್ಮ ಕಪ್ಪು, ಹಾಗಾಗಿ ಬಿಳಿ ಮೈ ಮೇಲೆ ಕಪ್ಪು ಮಚ್ಚೆಯಂತೆ ಕಾಣುತ್ತದೆ. ಹುಟ್ಟಿನಿಂದಲೇ ಬಿಳಿಯಾದ ನುಕ್ರಾ ಆದರೆ ಚರ್ಮವೇ ಗುಲಾಬಿ, ಗಾಯ ಇನ್ನೂ ಹಸಿಯಾಗಿ ಕಾಣುತ್ತದೆ. ಎದೆಪಟ್ಟಿ ಬರುವಲ್ಲಿ ಒಂದು ಗೆರೆ. ಕುತ್ತಿಗೆ ಕೂದಲು ಮುಗಿದು ಬೆನ್ನು ಶುರುವಾಗುವ ಕಡೆ ಎದ್ದು ನಿಂತ ಹೆಗಲ ಮೂಳೆಯ ಮೇಲೆ ಇನ್ನೊಂದು. ಒಂದು ಕುದುರೆಯಲ್ಲಿ ಆ ಬೋಳಿನ ಮೇಲೆ ಬೂಟ್ ಪಾಲಿಶ್ ಬಳಿದದ್ದನ್ನೂ ನೋಡಿದ್ದೇನೆ. ಬೆವರಿಗೆ ಕರಗಿ ಅದು ಮದುಮಗನ ಷೇರ್ವಾನಿಗೆ ಹತ್ತಿತ್ತು. ಅಲ್ಲಿಗೆ ಬಾಡಿಗೆ ಹಣದ ಜಗಳವೂ ಆಯಿತು.

ಕೇಳಿದರೆ ಉತ್ತರ ಸಿದ್ಧ. ಸೊಳ್ಳೆ ಕಚ್ಚಿದ್ದು ಸಾರ್. ಗೋಡೆಗೆ ಉಜ್ಜಿಕೊಂಡಿತು ಸಾರ್. ಹುರುಳಿ ಜಾಸ್ತಿ ಆಗಿ ಉಷ್ಣ ಆಯ್ತು ಸಾರ್. ಎಲ್ಲವೂ ಸುಳ್ಳು ಎನ್ನುವುದಿಲ್ಲ. ಆದರೆ ಜಾಗ ನೋಡಿ ಹೇಳಬಹುದು. ಗುಂಗುರು ಕಚ್ಚಿ ಮೈ ನವೆಯಾದ ಕುದುರೆ ಕುತ್ತಿಗೆ ಕೂದಲಿನ ಬುಡ, ಬಾಲದ ಬುಡ ಉಜ್ಜಿಕೊಳ್ಳುತ್ತದೆ. ಹುಳುಕಡ್ಡಿಯಾದರೆ ದುಂಡು ದುಂಡಗೆ, ಅಂಚಿನಲ್ಲಿ ಹೊಟ್ಟು, ಎಲ್ಲೆಂದರಲ್ಲಿ ಏಳುತ್ತದೆ. ಒಂದೇ ಬ್ರಷ್ಷು, ಒಂದೇ ಝೂಲಿನ ಮೂಲಕ ಪಕ್ಕದ ಕುದುರೆಗೂ, ಮಾಲೀಸು ಮಾಡುವ ಹುಡುಗನ ಕೈಗೂ ದಾಟುತ್ತದೆ. ಎರಡೂ ಭುಜದ ಮೇಲೆ ಒಂದೇ ಎತ್ತರದಲ್ಲಿ, ಒಂದೇ ಆಕಾರದಲ್ಲಿ ಕೂದಲು ಹೋಗಿದೆ ಎಂದರೆ ಅದು ಯಾವ ಸೊಳ್ಳೆಯ ಕೆಲಸವೂ ಅಲ್ಲ. ಬಟ್ಟೆಯ ಕೆಲಸ. ಔಷಧಿ ಬಳಿದರೆ ಹೋಗುವುದಿಲ್ಲ, ಬಟ್ಟೆ ಬದಲಾದರೆ ಹೋಗುತ್ತದೆ. ಈ ಪತ್ರದಲ್ಲಿ ಹೇಳಬೇಕಾದ್ದು ಇಷ್ಟೇ, ಉಳಿದದ್ದು ಅದರ ವಿವರ.

ಕುದುರೆ ಒಂದು ಹೆಜ್ಜೆ ಇಟ್ಟಾಗಲೆಲ್ಲ ಭುಜದ ಹಲಗೆ ಚರ್ಮದ ಕೆಳಗೆ ಹಿಂದಕ್ಕೂ ಮುಂದಕ್ಕೂ ಸರಿಯುತ್ತದೆ. ಝೂಲು ಸರಿಯುವುದಿಲ್ಲ, ಅದು ಹೆಗಲ ಮೂಳೆಗೆ ಜೋತುಬಿದ್ದು, ಎದೆಯ ಮೇಲೆ ಬಕಲಿಗೆ ಕಟ್ಟಿಕೊಂಡಿದೆ. ನಡುವೆ ಸಿಕ್ಕಿಕೊಂಡದ್ದು ಕೂದಲು. ಮೊದಲು ಅದರ ಹೊಳಪು ಹೋಗುತ್ತದೆ, ಆಮೇಲೆ ದಿಕ್ಕು ತಪ್ಪಿ ನಿಲ್ಲುತ್ತದೆ, ಆಮೇಲೆ ಬುಡದಲ್ಲಿ ತುಂಡಾಗುತ್ತದೆ. ಇಲ್ಲಿಯವರೆಗೆ ಕುದುರೆಗೆ ಹೆಚ್ಚು ನೋವಿಲ್ಲ. ಆಮೇಲೆ ಚರ್ಮ ಹೊಟ್ಟೇಳುತ್ತದೆ, ಕೆಂಪಾಗುತ್ತದೆ, ಒದ್ದೆಯಾಗುತ್ತದೆ, ಬಿರಿಯುತ್ತದೆ. ಬೆವರಿನ ಉಪ್ಪು, ಹೆಣ್ಣೂರು ರಸ್ತೆಯ ಧೂಳು ಸೇರಿದರೆ ಬೇರೆ ಮರಳು ಕಾಗದ ಬೇಕಿಲ್ಲ. ಒತ್ತಡ ಇನ್ನೂ ಆಳಕ್ಕೆ ಇಳಿದರೆ ಕೂದಲಿಗೆ ಬಣ್ಣ ಕೊಡುವ ಜೀವಕೋಶಗಳೇ ಸಾಯುತ್ತವೆ. ಆಮೇಲೆ ಅಲ್ಲಿ ಹುಟ್ಟುವ ಕೂದಲು ಬಿಳಿ. ಕಂದು ಕುದುರೆಯ ಬೆನ್ನ ಮೇಲೆ ರೂಪಾಯಿ ಅಗಲದ ಬಿಳಿ ಚುಕ್ಕೆಗಳು ಕಂಡರೆ ಅದರ ಹಳೆಯ ಮಾಲೀಕ ಎಂಥವನು ಎಂದು ಜಾತ್ರೆಯಲ್ಲೇ ತಿಳಿಯಬಹುದು. ಕೊಳ್ಳುವಾಗ ನೀವೂ ನೋಡುತ್ತೀರಲ್ಲ!

ಈಗ ಅಳತೆ. ನಿಮ್ಮಲ್ಲಿ ಬಹಳ ಮಂದಿಯ ಹತ್ತಿರ ಮೂರು ನಾಲ್ಕು ಕುದುರೆ, ಆದರೆ ಒಳ್ಳೆಯ ಝೂಲು ಒಂದೇ. ಯಾವ ಕುದುರೆ ಹೊರಟರೂ ಅದೇ. ಮಾರ್ವಾಡಿ ಕುದುರೆಯ ಎದೆ ಕಿರಿದು, ರೇಸು ಬಿಟ್ಟ ಥರೋಬ್ರೆಡ್ಡಿನ ಹೆಗಲ ಮೂಳೆ ಎತ್ತರ ಮತ್ತು ಚೂಪು, ಚರ್ಮವೂ ತೆಳು. ಸಾರೋಟಿನ ದೇಸಿ ಕುದುರೆಯದು ಗಿಡ್ಡ, ಗುಂಡು ಮೈ. ಇವು ಮೂರಕ್ಕೂ ಒಂದೇ ಬಟ್ಟೆ ಕೂರುವುದು ಹೇಗೆ? ಟೇಪನ್ನು ಎದೆಯ ನಡುಮಧ್ಯದಿಂದ ಹಿಡಿದು, ಭುಜದ ಮೇಲೆ ಅಡ್ಡಲಾಗಿ, ತೊಡೆಯ ಹಿಂಭಾಗದವರೆಗೆ ಅಳೆಯಿರಿ. ನಮ್ಮಲ್ಲಿನ ಕುದುರೆಗಳಿಗೆ ಅದು ಹೆಚ್ಚು ಕಡಿಮೆ ಐದೂಮುಕ್ಕಾಲು ಅಡಿಯಿಂದ ಆರೂಕಾಲು ಅಡಿಯ ನಡುವೆ ಬರುತ್ತದೆ. ಆ ಅರ್ಧ ಅಡಿಯ ವ್ಯತ್ಯಾಸದಲ್ಲೇ ಗಾಯ ಹುಟ್ಟುವುದು.

ಬಿಗಿಯಾದರೆ ಉಜ್ಜುತ್ತದೆ ಎಂದು ಎಲ್ಲರಿಗೂ ಗೊತ್ತು. ಸಡಿಲವಾದರೂ ಅಷ್ಟೇ ಉಜ್ಜುತ್ತದೆ ಎನ್ನುವುದನ್ನು ಯಾರೂ ನಂಬುವುದಿಲ್ಲ. ಕುತ್ತಿಗೆಯ ಹತ್ತಿರ ದೊಡ್ಡದಾಗಿದ್ದರೆ ಝೂಲಿನ ಭಾರವೆಲ್ಲ ಹಿಂದಕ್ಕೆ ಜಾರಿ, ಮುಂದಿನ ಅಂಚು ಹೆಗಲ ಮೂಳೆಯ ಹಿಂದೆ ಬಂದು ಕೂರುತ್ತದೆ, ಎದೆ ಮತ್ತು ಭುಜದ ಮೇಲೆ ಬಟ್ಟೆ ಹಗ್ಗದಂತೆ ಬಿಗಿಯುತ್ತದೆ. ಸರಿಯಾಗಿ ಕೂತ ಝೂಲಿನ ಅಂಚು ಆ ಮೂಳೆಯ ಮುಂದೆ ಇರಬೇಕು. ಎದೆಯ ಬಕಲು ಹಾಕಿದ ಮೇಲೆ ಒಳಗೆ ಅಂಗೈ ಚಪ್ಪಟೆಯಾಗಿ ಆಡಬೇಕು. ಕುದುರೆ ತಲೆ ತಗ್ಗಿಸಿ ನೀರು ಕುಡಿಯುವಾಗ ಇನ್ನೊಮ್ಮೆ ಕೈ ಹಾಕಿ ನೋಡಿ. ನಿಂತಾಗ ಸರಿ ಇದ್ದ ಬಟ್ಟೆ ಆಗ ಕತ್ತು ಹಿಡಿಯುತ್ತದೆ.

ಇನ್ನೊಂದು, ಝೂಲನ್ನು ತಿರುವಿ ಒಳಮುಖ ನೋಡಿದ್ದೀರಾ? ಹೊರಗೆ ನವಿಲು, ಹೂಬಳ್ಳಿ. ಒಳಗೆ ಜರ್ದೋಸಿಯ ತಂತಿಯ ತುದಿ, ಕನ್ನಡಿ ಹೊಲಿದ ದಾರದ ಗಂಟು, ಗಟ್ಟಿ ಕ್ಯಾನ್ವಾಸಿನ ಮಡಿಕೆ. ಎರಡು ತಾಸು ಅದನ್ನು ಬರಿಮೈ ಮೇಲೆ ಹಾಕಿಕೊಂಡು ಕುಣಿಯಿರಿ ಎಂದರೆ ಮದುವೆಗೆ ಬಂದ ಹುಡುಗರೂ ಒಪ್ಪುವುದಿಲ್ಲ. ಮಾಡಬೇಕಾದ್ದು ದೊಡ್ಡ ಖರ್ಚಿನದಲ್ಲ. ಕಮರ್ಷಿಯಲ್ ಸ್ಟ್ರೀಟಿನ ಹಿಂದಿನ ಗಲ್ಲಿಗಳಲ್ಲಿ ಸ್ಯಾಟಿನ್ ಲೈನಿಂಗ್ ಬಟ್ಟೆ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಎದೆ, ಎರಡು ಭುಜ, ಹೆಗಲ ಮೂಳೆ, ಈ ನಾಲ್ಕು ಜಾಗಕ್ಕೆ ಸುಕ್ಕಿಲ್ಲದೆ ಲೈನಿಂಗ್ ಹಾಕಿಸಿ. ನುಣುಪು ಬಟ್ಟೆಯ ಮೇಲೆ ಕೂದಲು ಜಾರುತ್ತದೆ, ಸಿಕ್ಕಿಕೊಳ್ಳುವುದಿಲ್ಲ. ಭುಜದ ಎರಡೂ ಕಡೆ ಝೂಲನ್ನು ಕೆಳಗಿನಿಂದ ಸೀಳಿ ತ್ರಿಕೋನಾಕಾರದ ಒಂದು ತುಂಡು ಸೇರಿಸಿಕೊಡಲು ಟೇಲರಿಗೆ ಹೇಳಿ. ಕಾಲು ಮುಂದೆ ಚಾಚುವುದಕ್ಕೆ ಅಷ್ಟು ಜಾಗ ಸಾಕು. ವಿದೇಶದಲ್ಲಿ ಪ್ರದರ್ಶನದ ಕುದುರೆಗಳಿಗೆ ಈಜುಡುಗೆಯ ಬಟ್ಟೆಯಲ್ಲಿ ಭುಜಕ್ಕೊಂದು ಒಳ ಅಂಗಿಯನ್ನೇ ಹೊಲಿಸುತ್ತಾರೆ. ನಮಗೆ ಅಷ್ಟು ಬೇಡ.

ಒಳಗೆ ಗೋಣಿ ತಾಟು ಹಾಕುವುದನ್ನು ಬಿಡಿ. ಜಟಕಾ ಕಾಲದಿಂದ ಬಂದ ಅಭ್ಯಾಸ ಅದು, ಸೆಣಬು ಬೆವರು ಹೀರುತ್ತದೆ ನಿಜ, ಆದರೆ ಒಣಗಿದ ಮೇಲೆ ಮುಳ್ಳು. ಕಂಬಳಿಯೂ ಅಷ್ಟೆ. ನಮ್ಮ ಡೆಕ್ಕನಿ ಕುರಿಯ ಉಣ್ಣೆ ಒರಟು. ಮಳೆಗೆ, ನೆಲಕ್ಕೆ ಅದರಷ್ಟು ಗಟ್ಟಿ ಇನ್ನೊಂದಿಲ್ಲ, ಕುದುರೆಯ ಭುಜಕ್ಕೆ ನೇರವಾಗಿ ಹಾಕುವ ವಸ್ತುವಲ್ಲ. ಕೆಳಗೆ ಹಳೆಯ ಹತ್ತಿ ಸೀರೆಯೋ ಪಂಚೆಯೋ ಇರಲಿ. ಸಾರೋಟಿನ ಎದೆಪಟ್ಟಿಗೆ ಸೈಕಲ್ ಟ್ಯೂಬು ಸುತ್ತುವವರು ನಿಮ್ಮಲ್ಲಿ ಇದ್ದೀರಿ. ಮೆತ್ತಗಿರುತ್ತದೆ ಎಂಬ ಲೆಕ್ಕ. ರಬ್ಬರು ಚರ್ಮವನ್ನು ಹಿಡಿದು ಎಳೆಯುತ್ತದೆ, ಬೆವರನ್ನೂ ಹೊರಗೆ ಬಿಡುವುದಿಲ್ಲ. ಉಣ್ಣೆಯ ನಮ್ದಾ ತುಂಡು ಸುತ್ತಿ, ಪಟ್ಟಿ ಉಸಿರುಕೊಳವೆಯಿಂದ ಕೆಳಗೆ, ಭುಜದ ಮುಂಗೀಲಿನಿಂದ ಮೇಲೆ ಕೂರುವಂತೆ ತೂಗು ಪಟ್ಟಿಯನ್ನು ಸರಿಮಾಡಿ.

ಹಾಕುವ ರೀತಿಯಲ್ಲೂ ಒಂದು ಮಾತಿದೆ. ಝೂಲನ್ನು ಕುತ್ತಿಗೆಯ ಮೇಲೆ ಮುಂದೆ ಹಾಕಿ ಹಿಂದಕ್ಕೆ ಸರಿಸಿ ಕೂರಿಸಬೇಕು, ಕೂದಲು ಮಲಗಿದ ದಿಕ್ಕಿಗೆ. ಹಿಂದೆ ಹೆಚ್ಚು ಹೋಯಿತೆಂದರೆ ಮುಂದಕ್ಕೆ ಎಳೆಯಬಾರದು, ಪೂರ್ತಿ ಎತ್ತಿ ಮತ್ತೆ ಹಾಕಬೇಕು. ಅವಸರದಲ್ಲಿ ಎಳೆದರೆ ಕೆಳಗಿನ ಕೂದಲೆಲ್ಲ ಮಗುಚಿ ನಿಂತಿರುತ್ತದೆ, ಅದರ ಮೇಲೆ ಮದುಮಗನ ಭಾರ. ಜೀನಿನ ಕೆಳಗಿನ ಬಟ್ಟೆಯನ್ನು ಬೆರಳಿಂದ ಎತ್ತಿ ಜೀನಿನ ಕಮಾನಿನೊಳಕ್ಕೆ ಸಿಕ್ಕಿಸಿ. ಹೆಗಲ ಮೂಳೆಯ ಮೇಲೆ ಗಾಳಿ ಆಡುವ ಸಂದು ಕಾಣಬೇಕು. ಹೊಟ್ಟೆಪಟ್ಟಿ ಬಿಗಿದ ಮೇಲೆ ಮುಂಗಾಲುಗಳನ್ನು ಒಂದೊಂದಾಗಿ ಎತ್ತಿ ಮುಂದಕ್ಕೆ ಚಾಚಿಸಿ, ಪಟ್ಟಿಯ ಕೆಳಗೆ ಸಿಕ್ಕ ಚರ್ಮದ ಮಡಿಕೆ ಬಿಟ್ಟುಕೊಳ್ಳುತ್ತದೆ. ಅರ್ಧ ನಿಮಿಷದ ಕೆಲಸ. ರೇಸ್‌ಕೋರ್ಸಿನಲ್ಲಿ ದುಡಿದು ಬಂದ ಸಯೀಸರು ನಿಮ್ಮಲ್ಲಿ ಇದ್ದರೆ ಅವರಿಗೆ ಇದನ್ನು ಹೇಳಿಕೊಡಬೇಕಿಲ್ಲ.

ಇದೆಲ್ಲ ನನ್ನ ತಲೆಯಿಂದ ಬಂದದ್ದಲ್ಲ. 1809ರಲ್ಲಿ ಕಂಟೋನ್ಮೆಂಟ್ ಆದಂದಿನಿಂದ ನಮ್ಮ ಈ ಭಾಗ ಕುದುರೆ ಲಾಯಗಳ ಜೊತೆಯಲ್ಲೇ ಬೆಳೆದ ಊರು. ಕುದುರೆ ಪಡೆಗೆ ಗುಂಡಿನೇಟಿನಷ್ಟೇ ಬೆನ್ನು ಹುಣ್ಣಿನ ಭಯ. ಬೆನ್ನು ಸುಲಿದ ಕುದುರೆಯ ಸವಾರ ಕಾಲಾಳು ಆದಂತೆಯೇ. ಭಾರತದಲ್ಲಿ ಸೇವೆ ಮಾಡಿಹೋದ ಬ್ರಿಟಿಷ್ ಸೇನೆಯ ಪಶುವೈದ್ಯ ಫ್ರೆಡರಿಕ್ ಸ್ಮಿತ್ 1891ರಲ್ಲಿ ಜೀನು ಮತ್ತು ಬೆನ್ನು ಹುಣ್ಣುಗಳ ಬಗ್ಗೆಯೇ ಒಂದು ಕೈಪಿಡಿ ಬರೆದ. ಜೆ.ಸಿ. ನಗರದಲ್ಲಿ ಸ್ಮಾರಕವಿರುವ ನಮ್ಮ ಮೈಸೂರು ಲ್ಯಾನ್ಸರ್ಸ್ ಪಡೆ 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಜೋಧಪುರದವರ ಜೊತೆ ಕುದುರೆಯೇರಿ ನುಗ್ಗಿದ ಕತೆ ಎಲ್ಲರೂ ಹೇಳುತ್ತಾರೆ. ಆ ಕುದುರೆಗಳ ಬೆನ್ನನ್ನು ದಿನಾ ಕೈಯಾಡಿಸಿ ನೋಡಿದ ಸಯೀಸರ ಕತೆ ಯಾರೂ ಹೇಳುವುದಿಲ್ಲ. ಸೇನೆಯಲ್ಲಿ ಒಂದು ಹಳೆಯ ಪದ್ಧತಿ ಇತ್ತು: ಸವಾರಿ ಮುಗಿದ ಕೂಡಲೇ ಜೀನು ಕಿತ್ತೆಸೆಯದೆ, ಪಟ್ಟಿ ಸಡಿಲಿಸಿ ಸ್ವಲ್ಪ ಹೊತ್ತು ಬಿಟ್ಟು, ಅದುಮಿಟ್ಟ ಜಾಗಕ್ಕೆ ರಕ್ತ ನಿಧಾನವಾಗಿ ಮರಳಿದ ಮೇಲೆ ತೆಗೆದು, ಒಣ ಹುಲ್ಲಿನಿಂದ ಬೆನ್ನು ಒರೆಸುವುದು. ಛತ್ರದ ಬಾಗಿಲಲ್ಲಿ ಮದುಮಗ ಇಳಿದ ಮೇಲೆ ನೀವೂ ಮಾಡಬಹುದು. ಒರೆಸಿದ ಮೇಲೆ ಅಂಗೈ ಚಪ್ಪಟೆ ಮಾಡಿ ಹೆಗಲಿನಿಂದ ಸೊಂಟದವರೆಗೆ ಸವರಿ. ಬಿಸಿ, ಊತ, ಒದ್ದೆ, ಕುದುರೆ ಚರ್ಮ ನಡುಗಿಸುವುದು, ಈ ನಾಲ್ಕರಲ್ಲಿ ಒಂದು ಸಿಕ್ಕರೂ ಮರುದಿನದ ಬುಕಿಂಗಿಗೆ ಬೇರೆ ಕುದುರೆ ನೋಡಿ.

ಚಳಿಗೆಂದು ರಾತ್ರಿಯೆಲ್ಲ ಹೊದಿಸಿ ಕಟ್ಟುವುದಂತೂ ಈ ಊರಿನಲ್ಲಿ ಬೇಕೇ ಇಲ್ಲ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಆರೋಗ್ಯವಾಗಿರುವ, ಹೊಟ್ಟೆ ತುಂಬ ಹುಲ್ಲು ತಿಂದ ದೊಡ್ಡ ಕುದುರೆಗೆ ಸುಮಾರು 5 ಡಿಗ್ರಿಯವರೆಗೂ ಹೊದಿಕೆಯ ಹಂಗಿಲ್ಲ. ನಮಗೆ ಚಳಿಯಾದರೆ ಕುದುರೆಗೂ ಚಳಿ ಎಂದುಕೊಳ್ಳುವುದು ಪ್ರೀತಿಯೇ, ಆದರೆ ಆ ಪ್ರೀತಿ ಭುಜ ಸವೆಸುತ್ತದೆ. ಮುದಿ ಕುದುರೆ, ಬಡಕಲು ಕುದುರೆ, ಮಳೆಯಲ್ಲಿ ನೆನೆದದ್ದು, ಇವಕ್ಕೆ ಹೊದಿಸಿ. ಹೊದಿಸಿದ್ದನ್ನು ಬೆಳಿಗ್ಗೆ ತೆಗೆದು ಬಿಸಿಲಿಗೆ ಹಾಕಿ. ತೊಳೆಯುವಾಗ ಸೋಪಿನಪುಡಿ ಪೂರ್ತಿ ಹೋಗುವವರೆಗೆ ಜಾಲಿಸಿ, ಉಳಿದ ಪುಡಿಯೇ ಮತ್ತೆ ನವೆ ತರುತ್ತದೆ. ಪ್ರತಿ ಕುದುರೆಗೆ ಅದರದೇ ಒಳಬಟ್ಟೆ, ಅದರದೇ ಬ್ರಷ್ಷು.

ಆಗಲೇ ಗಾಯ ಆಗಿದ್ದರೆ? ಕೂದಲು ಮಾತ್ರ ಹೋಗಿ ಚರ್ಮ ಗಟ್ಟಿಯಾಗಿದ್ದರೆ ಏನೂ ಬೇಡ, ಬಟ್ಟೆ ತಾಗದಂತೆ ನೋಡಿಕೊಳ್ಳಿ, ಒಣಗಿ ಹೊಟ್ಟೆದ್ದಿದ್ದರೆ ತೆಳುವಾಗಿ ವ್ಯಾಸಲೀನ್ ಸವರಿ. ಚರ್ಮ ಬಿರಿದಿದ್ದರೆ, 1 ಲೀಟರ್ ಕುದಿಸಿ ಆರಿಸಿದ ನೀರಿಗೆ 9 ಗ್ರಾಂ ಉಪ್ಪು, ಅಂದರೆ ಸುಮಾರು ಒಂದೂವರೆ ಟೀ ಚಮಚ, ಹಾಕಿ ಧಾರೆಯಾಗಿ ಸುರಿದು ತೊಳೆಯಿರಿ. ಸುತ್ತಲಿನ ಕೂದಲನ್ನು ಕತ್ತರಿಯಿಂದ ಗಿಡ್ಡ ಮಾಡಿ. ಪೊವಿಡೋನ್ ಅಯೋಡಿನ್ ಹಾಕುವುದಾದರೆ ಹಾಲಿಲ್ಲದ ತೆಳು ಚಹಾದ ಬಣ್ಣಕ್ಕೆ ಬರುವಷ್ಟು ನೀರು ಬೆರೆಸಿ. ಬಾಟಲಿಯಿಂದ ನೇರವಾಗಿ ಸುರಿದರೆ ಹೊಸದಾಗಿ ಬೆಳೆಯುವ ಚರ್ಮವೂ ಸುಡುತ್ತದೆ. ನೊಣ ಕೂರದಂತೆ ಗಾಯದ ಸುತ್ತ ಬೇವಿನೆಣ್ಣೆ ಹಚ್ಚಿ, ಗಾಯದೊಳಗೆ ಬೇಡ. ನೊಣವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ, ಅದು ತರುವ ಹುಳುವಿನ ಮರಿಗಳು ಸೇರಿಕೊಂಡ ಹುಣ್ಣು ಬೇಸಿಗೆಯುದ್ದಕ್ಕೂ ಮಾಯುವುದಿಲ್ಲ.

ಎಂಜಿನ್ ಆಯಿಲ್ ಬೇಡ. ಸುಣ್ಣ ಬೇಡ. ಅರಿಶಿನವನ್ನು ಗಾಯಕ್ಕೆ ಗಟ್ಟಿಯಾಗಿ ಮೆತ್ತಿದರೆ ಒಳಗೆ ಕೀವಾದದ್ದು ಕಾಣುವುದೇ ಇಲ್ಲ. ಮೆಡಿಕಲ್ ಶಾಪಿನವನು ಎಲ್ಲ ತುರಿಕೆಗೂ ಕೊಡುವ ಸ್ಟೀರಾಯ್ಡ್ ಬೆರೆಸಿದ ಟ್ಯೂಬು ಇದೆಯಲ್ಲ, ಅದಂತೂ ಬೇಡವೇ ಬೇಡ. ಹುಳುಕಡ್ಡಿಯಾಗಿದ್ದರೆ ಎರಡು ದಿನ ಕಡಿಮೆಯಾದಂತೆ ಕಂಡು ಆಮೇಲೆ ಮೈಯೆಲ್ಲ ಹಬ್ಬುತ್ತದೆ.

ಧನುರ್ವಾಯುವಿನ ಮಾತು ಬೇರೆಯೇ ಹೇಳಬೇಕು. ಸಾಕುಪ್ರಾಣಿಗಳಲ್ಲಿ ಈ ರೋಗಕ್ಕೆ ಕುದುರೆಯಷ್ಟು ಬೇಗ ಬಲಿಯಾಗುವುದು ಇನ್ನೊಂದಿಲ್ಲ. ರೋಗಾಣು ಇರುವುದು ಮಣ್ಣಿನಲ್ಲಿ, ಕುದುರೆಯ ಲದ್ದಿಯಲ್ಲೇ. ಸಣ್ಣ ಗಾಯ ಸಾಕು. ದವಡೆ ಕಚ್ಚಿಕೊಂಡು, ಕಿವಿ ಬಾಲ ನೆಟ್ಟಗೆ ನಿಂತು, ಸದ್ದಿಗೆ ಬೆಚ್ಚಿ ಬೀಳುವ ಕುದುರೆಯನ್ನು ಉಳಿಸಿಕೊಳ್ಳುವುದು ಬಹಳ ಕಷ್ಟ. ಲಸಿಕೆ ತಿಂಗಳ ಅಂತರದಲ್ಲಿ ಎರಡು, ಆಮೇಲೆ ವರ್ಷಕ್ಕೊಂದು. ಒಂದು ತುರಾಯಿಯ ಬೆಲೆಯೂ ಆಗುವುದಿಲ್ಲ.

ಹೆಗಲ ಮೂಳೆಯ ಮೇಲೆ ಬಿಸಿಯಾದ ಊತ ಎದ್ದರೆ ಒತ್ತಿ ಕೀವು ತೆಗೆಯಲು ಹೋಗಬೇಡಿ. ಬಾಣಸವಾಡಿ, ಕೆ.ಆರ್. ಪುರದ ಕಡೆ ಹಸುಗಳ ಕೊಟ್ಟಿಗೆಯಲ್ಲೇ ಕುದುರೆ ಕಟ್ಟುವವರಿದ್ದೀರಿ. ಹಸುವಿಗೆ ಕಂದು ಹಾಕಿಸುವ ಬ್ರುಸೆಲ್ಲಾ ರೋಗಾಣು ಕುದುರೆಯ ಹೆಗಲಿನಲ್ಲಿ ಹೀಗೆಯೇ ಕೂರುವುದುಂಟು, ಮನುಷ್ಯರಿಗೂ ಬರುತ್ತದೆ. ಹಾಗೆಯೇ ಕಾಲಿನ ಮೇಲೆ ಸಾಲಾಗಿ ಗಂಟು ಎದ್ದು ಒಡೆದರೆ, ಮೂಗಿನಿಂದ ಗಟ್ಟಿ ಸಿಂಬಳ ಬಂದರೆ ಅದು ಉಜ್ಜಿದ ಗಾಯವಲ್ಲ, ಗ್ಲಾಂಡರ್ಸ್ ಇರಬಹುದು. ಮುಚ್ಚಿಡುವುದು ಕಾನೂನಿನ ಪ್ರಕಾರವೂ ತಪ್ಪು, ನಿಮ್ಮ ಮನೆಯವರ ಜೀವಕ್ಕೂ ಅಪಾಯ. ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಹೆಬ್ಬಾಳದ ಪಶುವೈದ್ಯ ಕಾಲೇಜಿನ ಆಸ್ಪತ್ರೆ ನಮ್ಮ ರಿಂಗ್ ರೋಡಿನ ಆ ತುದಿಯಲ್ಲೇ ಇದೆ, ಶಿವಾಜಿನಗರದವರಿಗೆ ಕ್ವೀನ್ಸ್ ರಸ್ತೆಯ ಪಶು ಆಸ್ಪತ್ರೆ ಹತ್ತಿರ.

ಕೂದಲು ಮತ್ತೆ ಬರಲು ವಾರಗಳು ಬೇಕು, ಗಾಯ ಆಳವಾಗಿದ್ದರೆ ತಿಂಗಳುಗಳು. ನಮ್ಮ ಪಂಚಾಂಗ ಇಲ್ಲಿ ಕುದುರೆಯ ಕಡೆ ಇದೆ. ಧನುರ್ಮಾಸದಲ್ಲಿ ಲಗ್ನವಿಲ್ಲ, ಆಷಾಢದಲ್ಲಿ ಇಲ್ಲ. ಆ ಎರಡು ಬಿಡುವಿನಲ್ಲಿ ಝೂಲು, ಜೀನು ಯಾವುದೂ ಮುಟ್ಟಿಸದೆ ಬಿಡಿ. ಆ ದಿನಗಳಲ್ಲೂ ಶೋಕಿಗೆಂದು ಹುಡುಗರನ್ನು ಹತ್ತಿಸಿ ಹೆಣ್ಣೂರು ಕಡೆ ಓಡಿಸುವುದನ್ನು ನೋಡುತ್ತೇನೆ, ಇನ್ನೂ ಎಳೆ ಚರ್ಮ ಅದು.

ಕಾನೂನಿನ ಮಾತು ಎತ್ತದೆ ಮುಗಿಸುವ ಆಸೆ ಇತ್ತು. ಆದರೂ ಗೊತ್ತಿರಲಿ. ಗಾಯ, ಹುಣ್ಣು ಇದ್ದು ಕೆಲಸಕ್ಕೆ ಬಾರದ ಪ್ರಾಣಿಯನ್ನು ಕೆಲಸಕ್ಕೆ ಹಚ್ಚುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ನಿನಲ್ಲಿ ಅಪರಾಧ. 1965ರ ಭಾರ ಎಳೆಯುವ ಪ್ರಾಣಿಗಳ ನಿಯಮದಲ್ಲಿ ಜೀನಿನ ಬಗ್ಗೆಯೇ ಒಂದು ನಿಯಮವಿದೆ: ಹೆಗಲ ಮೂಳೆಗೂ ಜೀನಿನ ಕಮಾನಿಗೂ ನಡುವೆ ಸಾಕಷ್ಟು ಸಂದು ಇರಲೇಬೇಕು. ದಿನಕ್ಕೆ ಒಟ್ಟು 9 ಗಂಟೆ, ಬಿಡುವಿಲ್ಲದೆ 5 ಗಂಟೆ ಮೀರಿ ದುಡಿಸುವಂತಿಲ್ಲ. ಕೆಲಸ ಮುಗಿದ ಮೇಲೂ ಗಾಡಿಗೆ ಕಟ್ಟಿಯೇ ಇರಿಸುವಂತಿಲ್ಲ. ಆ 11ನೇ ಸೆಕ್ಷನ್ನಿನಲ್ಲಿ ಮೊದಲ ಸಲದ ದಂಡ 10ರಿಂದ 50 ರೂಪಾಯಿ. ನಗಬೇಡಿ, 1960ರಲ್ಲಿ ಅದೂ ಹಣವೇ ಆಗಿತ್ತು.

ನಿಮ್ಮ ಕಷ್ಟ ನನಗೆ ಗೊತ್ತಿಲ್ಲದ್ದಲ್ಲ. ಆರು ಗಂಟೆಗೆ ಬನ್ನಿ ಎನ್ನುತ್ತಾರೆ, ಮದುಮಗ ಬ್ಯೂಟಿ ಪಾರ್ಲರಿನಿಂದ ಹೊರಡುವಾಗ ಎಂಟೂವರೆ. ಅಷ್ಟು ಹೊತ್ತೂ ಕುದುರೆ ಝೂಲು, ಜೀನು, ಬಿಗಿದ ಪಟ್ಟಿಯ ಸಮೇತ ಜನರೇಟರಿನ ಪಕ್ಕ ನಿಂತಿರುತ್ತದೆ. ಗಾಯದ ಅರ್ಧ ಪಾಲು ಆಗುವುದು ಆ ಕಾಯುವಿಕೆಯಲ್ಲಿ, ಮೆರವಣಿಗೆಯಲ್ಲಿ ಅಲ್ಲ. ಝೂಲನ್ನು ಚೀಲದಲ್ಲಿ ತನ್ನಿ. ಮದುಮಗ ಬಾಗಿಲಿಗೆ ಬಂದ ಮೇಲೆ ಹಾಕಿದರೆ ಹತ್ತು ನಿಮಿಷ, ಬ್ಯಾಂಡಿನವರು ಅಷ್ಟರಲ್ಲಿ ಒಂದು ಹಾಡು ಹೆಚ್ಚು ಬಾರಿಸಲಿ. ಮತ್ತೆ, ಬುಕಿಂಗ್ ರಸೀದಿಯಲ್ಲೇ ಬರೆಸಿ: ಹೇಳಿದ ಹೊತ್ತಿಗಿಂತ ತಡವಾದರೆ ಗಂಟೆಗೆ ಇಷ್ಟು ರೂಪಾಯಿ ಹೆಚ್ಚು. ಡೆಕೊರೇಷನ್ನಿನವರು, ವಿಡಿಯೋದವರು ತೆಗೆದುಕೊಳ್ಳುತ್ತಾರೆ, ನೀವು ಯಾಕೆ ಬಿಡುತ್ತೀರಿ? ಒಬ್ಬರು ಬರೆಸಿದರೆ ಗಿರಾಕಿ ಪಕ್ಕದವರ ಹತ್ತಿರ ಹೋಗುತ್ತಾನೆ. ಈ ಭಾಗದವರೆಲ್ಲ ಸೇರಿ ಒಂದೇ ದರ ಹಾಕಿದರೆ ಹೋಗುವುದಕ್ಕೆ ಜಾಗವಿರುವುದಿಲ್ಲ. ರಸೀದಿಯ ಒಕ್ಕಣೆ ಕನ್ನಡದಲ್ಲಿ ನಾನು ಬರೆದುಕೊಡುತ್ತೇನೆ, ಉರ್ದು ನಿಮ್ಮಲ್ಲೇ ಯಾರಾದರೂ ಬರೆಯಿರಿ.

ಇತಿ,
ಕಲ್ಯಾಣ ನಗರದ ಒಬ್ಬ ನಿವೃತ್ತ ಪಶುವೈದ್ಯ